ಕೊಟ್ಟ ಮಾತಿನ ಕಾಲೇಜು

ವೀಟನ್ ಊರನ್ನು ಹುಟ್ಟಿಸಿದ್ದು ರೈಲು. 1849ರಲ್ಲಿ ಷಿಕಾಗೊದಿಂದ ಪಶ್ಚಿಮಕ್ಕೆ ಹಳಿ ಹಾಕುತ್ತ ಹೊರಟವರಿಗೆ ವಾರನ್ ಮತ್ತು ಜೆಸ್ಸಿ ವೀಟನ್ ಎಂಬ ಅಣ್ಣತಮ್ಮಂದಿರು ತಮ್ಮ ಹೊಲದ ನಡುವೆ ದಾರಿ ಬಿಟ್ಟುಕೊಟ್ಟರು. ನಿಲ್ದಾಣಕ್ಕೆ ಅವರ ಹೆಸರು ಬಿತ್ತು, ನಿಲ್ದಾಣದ ಸುತ್ತ ಊರು ಬೆಳೆಯಿತು, ವಾರನ್ ಕೊಟ್ಟ ಜಮೀನಿನಲ್ಲಿ ಕಾಲೇಜು ಎದ್ದಿತು. ಈಗಲೂ ಷಿಕಾಗೊದ ಒಗಿಲ್ವಿ ನಿಲ್ದಾಣದಲ್ಲಿ ಮೆಟ್ರಾ ರೈಲು ಹತ್ತಿದರೆ ಹೆಚ್ಚುಕಡಿಮೆ ಒಂದು ಗಂಟೆಯಲ್ಲಿ ಅದೇ ಹಾದಿಯಲ್ಲಿ ಅಲ್ಲಿಗೆ ತಲುಪಬಹುದು. ಓಕ್ ಪಾರ್ಕ್, ಎಲ್ಮ್‌ಹರ್ಸ್ಟ್, ಲೊಂಬಾರ್ಡ್, ಗ್ಲೆನ್ ಎಲಿನ್ ಕಳೆದರೆ ಕಾಲೇಜ್ ಅವೆನ್ಯೂ ಎಂಬ ಪುಟ್ಟ ನಿಲ್ದಾಣ. ಇಳಿದು ರಸ್ತೆ ದಾಟಿದರೆ ಕಾಲೇಜಿನ ಹುಲ್ಲುಹಾಸು ಶುರುವಾಗುತ್ತದೆ. ನಾವು ಹೋದದ್ದು ಅಕ್ಟೋಬರ್ ತಿಂಗಳಾದ್ದರಿಂದ ಮೇಪಲ್ ಮರಗಳು ಬುಡದಿಂದ ತುದಿಯವರೆಗೆ ಕೆಂಪಾಗಿದ್ದವು.

ನನ್ನ ತಂಗಿಯ ಮನೆ ಇರುವುದು ಪಕ್ಕದ ನೇಪರ್‌ವಿಲ್‌ನಲ್ಲಿ. ಷಿಕಾಗೊ ಸುತ್ತಮುತ್ತಲಿನ ಕನ್ನಡಿಗರ ವಿದ್ಯಾರಣ್ಯ ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಅವಳ ಮನೆಯ ಬೇಸ್‌ಮೆಂಟಿನಲ್ಲಿ ಮಕ್ಕಳು ಕೋಲಾಟ ಅಭ್ಯಾಸ ಮಾಡುತ್ತಿದ್ದಾಗ ಈ ಕಾಲೇಜಿನ ಮಾತು ಬಂದಿತ್ತು. ತಂಗಿಯ ಮಗಳ ಬಾಲ್ಯದ ಗೆಳತಿ ಅಲ್ಲಿ ಓದುತ್ತಾಳೆ. ಸೇರುವಾಗ ಒಂದು ಪತ್ರಕ್ಕೆ ಒಪ್ಪಿಗೆ ಕೊಟ್ಟೇ ಸೇರಬೇಕು. ಕುಡಿಯುವ ಹಾಗಿಲ್ಲ, ಸೇದುವ ಹಾಗಿಲ್ಲ, ಸ್ವಲ್ಪ ವರ್ಷಗಳ ಹಿಂದಿನವರೆಗೂ ಕುಣಿಯುವ ಹಾಗೂ ಇರಲಿಲ್ಲ ಎಂದರು. ಬೇಸ್‌ಮೆಂಟಿನಲ್ಲಿ ಕೋಲುಗಳು ಬಡಿದಾಡುತ್ತಿದ್ದ ಸದ್ದಿನಲ್ಲಿ ಆ ಮಾತು ಮನಸ್ಸಿಗೆ ಚುಚ್ಚಿಕೊಂಡಿತು. ಬದುಕಿನ ಬಹುಪಾಲು ಬೆಂಗಳೂರಿನ ಕಾಲೇಜುಗಳಲ್ಲಿ ಪಾಠ ಮಾಡಿದವಳು ನಾನು. ಹುಡುಗರು ಹೀಗಿರಬೇಕು, ಹುಡುಗಿಯರು ಹಾಗಿರಬೇಕು ಎಂಬ ಚರ್ಚೆ ಸ್ಟಾಫ್‌ರೂಮಿನಲ್ಲಿ ನಡೆಯದ ವಾರವೇ ಇರಲಿಲ್ಲ. ಅದನ್ನೆಲ್ಲ ಕೂತು ಬರೆದು, ಪ್ರಾಯಕ್ಕೆ ಬಂದ ಮಕ್ಕಳ ಮುಂದೆ ಇಟ್ಟು, ಒಪ್ಪಿದರೆ ಬನ್ನಿ ಎನ್ನುವ ಕಾಲೇಜನ್ನು ನೋಡಬೇಕೆನಿಸಿತು.

ಗೆಳತಿ ನಿಲ್ದಾಣಕ್ಕೇ ಬಂದಿದ್ದಳು. ಅವಳ ಅಜ್ಜ ಗದಗ-ಬೆಟಗೇರಿಯವರು, ಬಾಸೆಲ್ ಮಿಷನ್ ಸಭೆಯಲ್ಲಿ ಬೆಳೆದವರು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿವರೆಗೂ ಹೋಗಿ ನೆಲೆ ಮಾಡಿದ್ದರು. ಶಾಲೆ, ಮಗ್ಗ, ಹೆಂಚಿನ ಕಾರ್ಖಾನೆಗಳ ಜೊತೆಗೆ ಸಭೆಯವರು ಹೇಗೆ ಬದುಕಬೇಕು ಎಂಬ ಕಟ್ಟುನಿಟ್ಟನ್ನೂ ತಂದಿದ್ದರು. "ನಮ್ಮ ಅಜ್ಜಿ ಭಾನುವಾರ ಸೂಜಿಗೆ ದಾರ ಸೈತ ಪೋಣಿಸ್ತಿರಲಿಲ್ಲ ಆಂಟಿ. ಅವರನ್ನ ನೋಡಿದ ಮ್ಯಾಲೆ ಈ ಕಾಲೇಜಿನ ರೂಲ್ಸ್ ನನಗೇನೂ ಹೊಸವು ಅನ್ನಿಸಲಿಲ್ಲ" ಎಂದಳು. ಅಮೆರಿಕದಲ್ಲೇ ಹುಟ್ಟಿ ಬೆಳೆದ ಹುಡುಗಿಯ ಬಾಯಲ್ಲಿ ಅಜ್ಜಿಯ ಗದಗಿನ ಕನ್ನಡ ಹಾಗೇ ಉಳಿದಿತ್ತು.

ದಿಬ್ಬದ ಮೇಲೆ ಬ್ಲಾಂಚರ್ಡ್ ಹಾಲ್ ನಿಂತಿದೆ. ಸುಣ್ಣಕಲ್ಲಿನಲ್ಲಿ ಕಟ್ಟಿದ, ಕೋಟೆಯಂತೆ ತೆನೆಗಳಿರುವ ಕಟ್ಟಡ; ಹಲವು ಹಂತಗಳಲ್ಲಿ ಬೆಳೆದು 1927ರಲ್ಲಿ ಮುಗಿಯಿತು. ಗೋಪುರದಲ್ಲಿ ಗಂಟೆಯಿದೆ. ಮದುವೆ ನಿಶ್ಚಯವಾದ ಜೋಡಿಗಳು ಮೇಲೆ ಹತ್ತಿ ಅದನ್ನು ಬಾರಿಸುವ ಪದ್ಧತಿ. ಅದರೆದುರಿನ ಬೆಂಚಿನ ಮೇಲೆ ಕೂತು ಆ ಹುಡುಗಿಯ ಫೋನಿನಲ್ಲಿ ಪತ್ರವನ್ನು ಪೂರ್ತಿ ಓದಿದೆ. ಹೆಸರು ಸಮುದಾಯದ ಒಡಂಬಡಿಕೆ. ಈಗಿನ ರೂಪ ಜಾರಿಗೆ ಬಂದದ್ದು 2003ರಲ್ಲಿ. ನಿಷೇಧಗಳ ಪಟ್ಟಿಯನ್ನು ನಿರೀಕ್ಷಿಸಿದ್ದ ನನಗೆ ಮೊದಲು ಸಿಕ್ಕಿದ್ದು ಪ್ರೀತಿಯ, ನ್ಯಾಯದ, ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರುವ ಮಾತುಗಳು. ಆಮೇಲೆ ದೂರವಿಡಬೇಕಾದವು: ಗರ್ವ, ಸುಳ್ಳು, ಕಳ್ಳತನ, ಪೂರ್ವಗ್ರಹ, ಆಷಾಢಭೂತಿತನ, ಕುಡಿತ. ದೇಹಸಂಬಂಧ ಗಂಡು ಹೆಣ್ಣಿನ ಮದುವೆಯೊಳಗೆ ಮಾತ್ರ. ಕೊನೆಯ ಭಾಗದಲ್ಲಿ ಕಾಲೇಜು ತಾನೇ ಹಾಕಿಕೊಂಡ ಕಟ್ಟಳೆಗಳಿವೆ. ಪದವಿ ವಿದ್ಯಾರ್ಥಿಗಳು ಇಲ್ಲಿ ಓದುವಷ್ಟು ಕಾಲ ಕ್ಯಾಂಪಸ್ಸಿನ ಒಳಗಾಗಲಿ ಹೊರಗಾಗಲಿ ಮದ್ಯ, ತಂಬಾಕು ಮುಟ್ಟಬಾರದು, ಜೂಜಾಡಬಾರದು, ಕ್ಯಾಂಪಸ್ಸಿನಲ್ಲಿ ಕುಣಿಯುವುದಾದರೆ ಕಾಲೇಜೇ ಏರ್ಪಡಿಸಿದ ಕೂಟದಲ್ಲಿ ಮಾತ್ರ.

ಇದರಲ್ಲಿ ನನಗೆ ಹಿಡಿಸಿದ್ದು ಅವರು ಎಳೆದಿರುವ ಒಂದು ಗೆರೆ. ಇದಿಷ್ಟು ನಮ್ಮ ಶಾಸ್ತ್ರ ಹೇಳುವುದು, ಇದಿಷ್ಟು ಒಟ್ಟಿಗೆ ಬಾಳುವುದಕ್ಕಾಗಿ ನಾವು ಮಾಡಿಕೊಂಡದ್ದು ಎಂದು ಎರಡನ್ನೂ ಬೇರೆಯಾಗಿ ಇಟ್ಟಿದ್ದಾರೆ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ, ಸಂಸ್ಥೆಗಳಲ್ಲಿ ಹಿರಿಯರ ಅನುಕೂಲಕ್ಕೆ ಹುಟ್ಟಿದ ಕಟ್ಟಳೆಯೂ ದೇವರೇ ಹೇಳಿದ್ದೆಂಬ ಹಾಗೆ ನಡೆದು ಬರುತ್ತದೆ, ಕೇಳಿದವರು ನಾಸ್ತಿಕರಾಗುತ್ತಾರೆ. ಇಲ್ಲಿ ಆ ಕೊನೆಯ ಭಾಗವನ್ನು ನಾಳೆ ತಿದ್ದಬಹುದು, ತಿದ್ದಿದರೆ ಯಾರ ಧರ್ಮವೂ ಕೆಡುವುದಿಲ್ಲ.

ನನ್ನ ಜೊತೆ ಬಂದು ಪಕ್ಕದಲ್ಲಿ ಕೂತಿದ್ದ ತಂಗಿಯ ಮಗಳಿಗೆ ಇದು ಒಪ್ಪಿಗೆಯಾಗಲಿಲ್ಲ. ಅವಳು ಓದುವುದು ಇಲಿನಾಯ್ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ. "ನಾನು ಕಾಲೇಜಿಗೆ ಸೇರಿದ್ದು ಓದೋಕೆ ದೊಡ್ಡಮ್ಮ. ನಾನು ಹೇಗೆ ಬದುಕಬೇಕು ಅಂತ ಅವರು ಯಾಕೆ ಹೇಳಬೇಕು?" ಎಂದಳು. ಗೆಳತಿ ನಕ್ಕು, ನಿನ್ನ ಕಾಲೇಜಿಗೂ ಸ್ಟೂಡೆಂಟ್ ಕೋಡ್ ಇದೆಯಲ್ಲ, ಇದಕ್ಕಿಂತ ಎಷ್ಟೋ ಉದ್ದ, ನೀನು ಓದಿದ್ದೀಯಾ ಎಂದು ಕೇಳಿದಳು. ಓದಿರಲಿಲ್ಲ.

ಕಟ್ಟಡಕ್ಕೆ ಹೆಸರು ಕೊಟ್ಟ ಜೊನಾಥನ್ ಬ್ಲಾಂಚರ್ಡ್ ಈ ಕಾಲೇಜಿನ ಮೊದಲ ಅಧ್ಯಕ್ಷ. ಗುಲಾಮಗಿರಿಯನ್ನು ಪಾಪವೆಂದು ಸಾರುತ್ತ ಊರೂರು ತಿರುಗಿ, ಗುಂಪುಗಳಿಂದ ಕಲ್ಲೇಟು ತಿಂದವರು. 1845ರಲ್ಲಿ ಸಿನ್ಸಿನಾಟಿಯಲ್ಲಿ ಇನ್ನೊಬ್ಬ ಪಾದ್ರಿಯೊಡನೆ ಇದೇ ವಿಷಯದ ಮೇಲೆ ನಾಲ್ಕು ದಿನ ಬಹಿರಂಗ ವಾದ ಮಾಡಿದ್ದರು. ವೆಸ್ಲಿಯನ್ ಪಂಥದ ಗುಲಾಮಗಿರಿ ವಿರೋಧಿಗಳು ನಡೆಸುತ್ತಿದ್ದ ಇಲಿನಾಯ್ ಇನ್‌ಸ್ಟಿಟ್ಯೂಟ್ ಎಂಬ ಶಾಲೆಯನ್ನು 1860ರಲ್ಲಿ ವಹಿಸಿಕೊಂಡು ಅದಕ್ಕೆ ವೀಟನ್ ಕಾಲೇಜ್ ಎಂದು ಹೆಸರಿಟ್ಟರು. ಹುಡುಗರಂತೆ ಹುಡುಗಿಯರಿಗೂ ಆರಂಭದಿಂದಲೇ ಪ್ರವೇಶವಿತ್ತು. 1866ರಲ್ಲಿ ಪದವಿ ಪಡೆದ ಎಡ್ವರ್ಡ್ ಸೆಲ್ಲರ್ಸ್ ಇಲಿನಾಯ್ ರಾಜ್ಯದ ಮೊದಮೊದಲ ಕಪ್ಪು ಪದವೀಧರರಲ್ಲಿ ಒಬ್ಬರು.

ದಕ್ಷಿಣದ ತೋಟಗಳಿಂದ ಓಡಿಬಂದ ಗುಲಾಮರು ಉತ್ತರಕ್ಕೆ ಪಾರಾಗುವ ಗುಪ್ತ ದಾರಿಯಲ್ಲಿ ಈ ಕಾಲೇಜೂ ಒಂದು ತಂಗುದಾಣವಾಗಿತ್ತು. ಬಹಳ ಕಾಲ ಇದು ಕೇವಲ ಐತಿಹ್ಯವಾಗಿತ್ತು. ಅಂತರ್ಯುದ್ಧದಲ್ಲಿ ಹೋರಾಡಿದ ಇಲಿನಾಯ್‌ನ 39ನೆಯ ಪದಾತಿ ದಳದ ಇತಿಹಾಸ 1889ರಲ್ಲಿ ಅಚ್ಚಾಗಿತ್ತು. ಯುದ್ಧಕ್ಕೆ ಮೊದಲು ಇಲ್ಲಿ ಓದಿದ್ದ ಎಜ್ರಾ ಕುಕ್ ಎಂಬ ಸೈನಿಕನ ಮಾತು ಅದರಲ್ಲಿದ್ದುದು ಈ ಶತಮಾನದಲ್ಲಿ ಕಣ್ಣಿಗೆ ಬಿತ್ತು. ಓಡಿಬಂದವರು ಕಾಲೇಜಿನ ಕಟ್ಟಡದಲ್ಲಿ ಎಲ್ಲರಿಗೂ ಗೊತ್ತಿರುವ ಹಾಗೆಯೇ ಇರುತ್ತಿದ್ದರು ಎಂಬುದು ಅವನ ಸಾಕ್ಷ್ಯ. ಅದು ಕಾನೂನಿಗೆ ವಿರುದ್ಧ. 1850ರ ಕಾಯ್ದೆಯ ಪ್ರಕಾರ ಓಡಿಬಂದವರಿಗೆ ಅನ್ನ ಹಾಕಿದವನಿಗೂ ದಂಡ, ಸೆರೆಮನೆ. ಒಬ್ಬ ವಿದ್ಯಾರ್ಥಿ ಬಾಯಿಬಿಟ್ಟಿದ್ದರೂ ಸಾಕಿತ್ತು. ಒಂದು ಕಾಲೇಜಿಗೆ ಕಾಲೇಜೇ ಆ ಭಾರವನ್ನು ಹೊತ್ತು ನಿಂತಿತ್ತು. ನೀನು ಹೇಗೆ ಬದುಕುತ್ತೀಯೋ ಅದು ನಮ್ಮೆಲ್ಲರಿಗೂ ಸೇರಿದ್ದು ಎಂಬ ನಂಬಿಕೆಯಿಲ್ಲದೆ ಅಂಥದ್ದು ನಡೆಯುವುದಿಲ್ಲ. ಕಟ್ಟಡದ ಒಳಗೆ ಓಡಾಡುವಾಗ, ತಂಗಿಯ ಮಗಳ ಪ್ರಶ್ನೆಗೆ ಒಂದು ಉತ್ತರ ಇಲ್ಲಿದೆ ಎನಿಸಿತು.

ಇನ್ನೊಂದು ಉತ್ತರವೂ ಇದೇ ಬ್ಲಾಂಚರ್ಡ್ ಕಾಲದ್ದೇ. ಅವರಿಗೆ ಗುಲಾಮಗಿರಿಯಷ್ಟೇ ಸಿಟ್ಟು ರಹಸ್ಯ ಸಂಘಗಳ ಮೇಲಿತ್ತು. ಫ್ರೀಮೇಸನ್‌ಗಳಂತೆ ಮುಚ್ಚಿದ ಬಾಗಿಲ ಹಿಂದೆ ಪ್ರಮಾಣ ಮಾಡುವವರು ಪ್ರಜಾಪ್ರಭುತ್ವಕ್ಕೂ ಧರ್ಮಕ್ಕೂ ಶತ್ರುಗಳು ಎಂದು ನಂಬಿದ್ದರು. ಹಾರ್ಟ್ಲಿ ಪ್ರಾಟ್ ಎಂಬ ವಿದ್ಯಾರ್ಥಿ ಗುಡ್ ಟೆಂಪ್ಲರ್ಸ್ ಎಂಬ ಸಂಘ ಸೇರಿದ. ಅದು ಮದ್ಯಪಾನ ವಿರೋಧಿಗಳ ಸಂಘ. ಅದರ ಗುರಿ ಕಾಲೇಜಿನ ಗುರಿಯೇ. ಆದರೆ ಗುಟ್ಟಿನ ವಿಧಿಗಳಿದ್ದವು. ಕಾಲೇಜು ಅವನನ್ನು ಅಮಾನತು ಮಾಡಿತು, ತಂದೆ ನ್ಯಾಯಾಲಯಕ್ಕೆ ಹೋದ. 1866ರಲ್ಲಿ ಇಲಿನಾಯ್ ಸುಪ್ರೀಂ ಕೋರ್ಟ್ ಕಾಲೇಜಿನ ಪರವಾಗಿ ತೀರ್ಪು ಕೊಟ್ಟಿತು. ನಿಯಮ ದೈವದ ಕಾನೂನನ್ನೂ ಮನುಷ್ಯರ ಕಾನೂನನ್ನೂ ಮೀರದಿರುವ ತನಕ, ತಂದೆ ಮನೆಯೊಳಗೆ ನಡೆಸುವ ಶಿಸ್ತಿನಲ್ಲಿ ಹೇಗೆ ಕೈಹಾಕುವುದಿಲ್ಲವೋ ಹಾಗೆಯೇ ಇಲ್ಲಿಯೂ ಕೈಹಾಕುವುದಿಲ್ಲ ಎಂಬುದು ಅದರ ಸಾರ. ಕಾಲೇಜು ವಿದ್ಯಾರ್ಥಿಗೆ ತಂದೆಯ ಸ್ಥಾನದಲ್ಲಿದೆ ಎಂಬ ವಿಚಾರಕ್ಕೆ ಅಮೆರಿಕದ ಕಾನೂನು ಪುಸ್ತಕಗಳು ಈ ಮೊಕದ್ದಮೆಯನ್ನು ಇಂದಿಗೂ ಉದಾಹರಿಸುತ್ತವೆ. ಹತ್ತು ವರ್ಷದೊಳಗೆ ನಡೆದ ಎರಡು ಸಂಗತಿಗಳು. ಮೊದಲನೆಯದರಲ್ಲಿ ದೈವದ ಕಾನೂನಿಗಾಗಿ ಮನುಷ್ಯರ ಕಾನೂನನ್ನು ಮುರಿದ ಕಾಲೇಜು, ಎರಡನೆಯದರಲ್ಲಿ ಎರಡೂ ಕಾನೂನಿನ ಬೆಂಬಲ ಪಡೆದು ಒಬ್ಬ ಹುಡುಗನನ್ನು ಹೊರಗಿಟ್ಟಿತು. ಮೊದಲನೆಯದು ನನ್ನನ್ನು ಎಷ್ಟು ಹಿಗ್ಗಿಸಿತೋ ಎರಡನೆಯದು ಅಷ್ಟೇ ಅಂಜಿಸಿತು. ತಂದೆಯ ಅಧಿಕಾರ ಎಂಬ ಮಾತು ಕೇಳಿ ಬೆಳೆದ ಹೆಣ್ಣುಮಗಳಿಗೆ ಅದರ ತೂಕ ಗೊತ್ತಿರುತ್ತದೆ.

ಆಮೇಲೆ ಎಡ್ಮನ್ ಚಾಪೆಲ್ಲಿಗೆ ಹೋದೆವು. ಗೂಡ್ಸ್ ರೈಲುಗಳು ಹಾದುಹೋಗುವಾಗ ಕೂಗು ಒಳಗೂ ಕೇಳುತ್ತದೆ. ಚಾಪೆಲ್ಲಿಗೆ ಹಾಜರಾಗುವುದು ಕಡ್ಡಾಯ. ರೇಮಂಡ್ ಎಡ್ಮನ್ 1940ರಿಂದ 1965ರವರೆಗೆ ಅಧ್ಯಕ್ಷರಾಗಿದ್ದವರು. 1967ರ ಸೆಪ್ಟೆಂಬರ್ 22ರಂದು ಇದೇ ವೇದಿಕೆಯಿಂದ ಮಕ್ಕಳಿಗೆ ಚಾಪೆಲ್ಲಿನಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಹೇಳುತ್ತಿದ್ದರು. ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿಯ ದರ್ಶನಕ್ಕೆ ಹೋದಾಗ ಪಾಲಿಸಬೇಕಾಗಿದ್ದ ಶಿಷ್ಟಾಚಾರವನ್ನು ವಿವರಿಸಿ, ಇಲ್ಲಿ ನೀವು ಬಂದಿರುವುದು ಇನ್ನೂ ದೊಡ್ಡ ರಾಜನ ಸನ್ನಿಧಿಗೆ ಎಂದು ಹೇಳುತ್ತಿರುವಾಗಲೇ ಕುಸಿದು ತೀರಿಕೊಂಡರು. ಇದನ್ನು ಹೇಳುವಾಗ ಹುಡುಗಿಯ ದನಿ ಬದಲಾಯಿತು. ಅವಳು ಹುಟ್ಟುವುದಕ್ಕೂ ದಶಕಗಳ ಹಿಂದಿನ ಮಾತು ಅದು.

ಅದೇ ಎಡ್ಮನ್ನರ ಕಾಲದಲ್ಲಿ, 1950ರ ಫೆಬ್ರವರಿಯಲ್ಲಿ, ಒಂದು ಸಂಜೆಯ ಪ್ರಾರ್ಥನಾ ಸಭೆಯಲ್ಲಿ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಎದ್ದು ತಮ್ಮ ತಪ್ಪುಗಳನ್ನು ಹೇಳಿಕೊಳ್ಳತೊಡಗಿದರು. ಪರೀಕ್ಷೆಯಲ್ಲಿ ನಕಲು, ಸಣ್ಣಪುಟ್ಟ ಕಳವು, ಗೆಳೆಯನ ಮೇಲಿನ ಹಗೆ. ಸಾಲು ನಿಂತಿತು, ರಾತ್ರಿ ಕಳೆಯಿತು, ಮರುದಿನವೂ ನಿಲ್ಲಲಿಲ್ಲ. ಒಂದೂವರೆ ದಿನಕ್ಕೂ ಮೀರಿ ನಡೆಯಿತು. ದೇಶದ ಪತ್ರಿಕೆಗಳವರು ಬಂದರು. ನೂರಾರು ಜನರೆದುರು ಹಾಗೆ ಮನಸ್ಸು ಬಿಚ್ಚಿಡುವುದು ನನ್ನಿಂದಾಗದು. ಆದರೆ ಆ ಹುಡುಗ ಹುಡುಗಿಯರು ಹೇಳಿಕೊಂಡದ್ದು ಏನನ್ನು ಎಂದು ನೋಡಿದರೆ, ಮಾತು ಕೊಟ್ಟು ತಪ್ಪಿದ್ದನ್ನು. ಒಬ್ಬರಿಗೊಬ್ಬರು ಮಾತು ಕೊಟ್ಟವರ ನಡುವೆ ಮಾತ್ರ ಅದು ಸಾಧ್ಯ.

ಆಗಿನ ಮಾತು ಈಗಿನದಕ್ಕಿಂತ ಬಹಳ ಬಿಗಿ. ಮದ್ಯ, ತಂಬಾಕು, ಇಸ್ಪೀಟು, ಕುಣಿತದ ಜೊತೆಗೆ ಸಿನಿಮಾ ಕೂಡ ಮನಾ ಇತ್ತು. ಮುಂದೆ ಹಾಲಿವುಡ್ಡಿನಲ್ಲಿ ಭಯಾನಕ ಚಿತ್ರಗಳಿಗೆ ಹೆಸರಾದ ವೆಸ್ ಕ್ರೇವನ್ 1963ರಲ್ಲಿ ಪದವಿ ಪಡೆದದ್ದು ಇಲ್ಲಿಯೇ. ಸಿನಿಮಾ ನಿಷೇಧ 1960ರ ದಶಕ ಮುಗಿಯುವ ಹೊತ್ತಿಗೆ ಹೋಯಿತು. ಊರಿನಲ್ಲಿ ಮದ್ಯ ಮಾರಲು ಅನುಮತಿ ಸಿಕ್ಕಿದ್ದು 1985ರಲ್ಲಿ. ಕುಣಿತ ಕಾಯಬೇಕಾಯಿತು. 2003ರ ನವೆಂಬರಿನಲ್ಲಿ ಕಾಲೇಜಿನ ಜಿಮ್ನೇಷಿಯಮ್ಮಿನಲ್ಲಿ ಮೊದಲ ಕುಣಿತದ ಕೂಟ ನಡೆಯಿತು. ಹೆಜ್ಜೆ ಹಾಕಲು ಬಾರದವರಿಗೆ ಮುಂಚೆಯೇ ಪಾಠ ನಡೆದಿತ್ತು. ಸ್ವಿಂಗ್ ವಾದ್ಯದವರು ಬಂದರು, ವರದಿಗಾರರೂ ಬಂದರು. ಅದೇ ವರ್ಷ ಅಧ್ಯಾಪಕರಿಗೆ, ಸಿಬ್ಬಂದಿಗೆ ಕಾಲೇಜಿನ ಹೊರಗೆ ಮಿತವಾಗಿ ಕುಡಿಯುವ ಸ್ವಾತಂತ್ರ್ಯವೂ ಸಿಕ್ಕಿತು. ಕೆಲಸದ ಹೊತ್ತಿನ ಆಚೆ ನೌಕರರು ಏನು ಕುಡಿಯುತ್ತಾರೆ, ಸೇದುತ್ತಾರೆ ಎಂಬುದರಲ್ಲಿ ಮಾಲೀಕರು ಮೂಗು ತೂರಿಸಬಾರದು ಎಂದು ರಾಜ್ಯದ ಕಾನೂನಿತ್ತು.

ವಿದ್ಯಾರ್ಥಿ ನಿಲಯದ ಬಳಿ ಗೆಳತಿ ತನ್ನ ಕೋಣೆಯ ಕಿಟಕಿ ತೋರಿಸಿದಳು. ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಅಂತಸ್ತು. ಗೊತ್ತುಮಾಡಿದ ಹೊತ್ತಿನಲ್ಲಿ ಮಾತ್ರ ಒಬ್ಬರ ಕಡೆಗೆ ಇನ್ನೊಬ್ಬರು ಹೋಗಬಹುದು. ಇದನ್ನು ನಾನು ವಿವರವಾಗಿ ಕೇಳಲಿಲ್ಲ, ನಮ್ಮ ಓದುಗರಿಗೆ ಇದರಲ್ಲಿ ಹೊಸದೇನಿದೆ?

ಹೊಸದಿದ್ದದ್ದು ವೇಡ್ ಸೆಂಟರಿನಲ್ಲಿ. ಇಂಗ್ಲೆಂಡಿನ ಹಳ್ಳಿಮನೆಯಂತೆ ಕಾಣುವ ಈ ಕಲ್ಲಿನ ಕಟ್ಟಡದಲ್ಲಿ ಏಳು ಬ್ರಿಟಿಷ್ ಲೇಖಕರ ಕಾಗದಪತ್ರಗಳಿವೆ. ಸಿ. ಎಸ್. ಲೂಯಿಸ್ ಅವರ ತಾತ ಕೈಯಾರೆ ಕೆತ್ತಿದ ದೊಡ್ಡ ಬೀರು ಇಲ್ಲಿದೆ. ನಾರ್ನಿಯಾ ಕಥೆಯ ಮಕ್ಕಳು ಹೊಕ್ಕು ಇನ್ನೊಂದು ಲೋಕಕ್ಕೆ ಹೋಗುವ ಬೀರಿಗೆ ಇದೇ ಪ್ರೇರಣೆ ಎನ್ನುತ್ತಾರೆ. ಟಾಲ್ಕಿನ್ ಬರೆಯಲು ಕೂರುತ್ತಿದ್ದ ಮೇಜೂ ಇದೆ. ಪ್ರಾಧ್ಯಾಪಕ ಕ್ಲೈಡ್ ಕಿಲ್ಬಿ 1965ರಲ್ಲಿ ಆರಂಭಿಸಿದ ಸಂಗ್ರಹ ಇದು. ಲೂಯಿಸ್ ಪೈಪು, ಸಿಗರೇಟು ಬಿಡದವರು. ಆಕ್ಸ್‌ಫರ್ಡಿನ ಪಬ್ಬಿನಲ್ಲಿ ಬಿಯರ್ ಮುಂದಿಟ್ಟುಕೊಂಡು ಟಾಲ್ಕಿನ್ ಜೊತೆ ಹರಟಿದವರು. ಈ ಸಂಗ್ರಹ ಶುರುವಾದ ವರ್ಷ ಅವರು ಬದುಕಿದ್ದು ಇಲ್ಲಿಗೆ ಬಂದಿದ್ದರೆ ಅಂದಿನ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿ ಪಾಠ ಮಾಡಲು ಆಗುತ್ತಿರಲಿಲ್ಲ. ಆದರೂ ಕಾಲೇಜು ಅವರನ್ನು ತನ್ನ ಹಿರಿಯರಲ್ಲಿ ಒಬ್ಬರೆಂದು ಪ್ರೀತಿಯಿಂದ ಕಾಪಾಡಿಕೊಂಡಿದೆ. ಒಂದು ಸಮುದಾಯ ತನ್ನ ಕಟ್ಟಳೆಗಿಂತ ದೊಡ್ಡದನ್ನು ಪ್ರೀತಿಸಬಲ್ಲದು ಎಂಬುದಕ್ಕೆ ಆ ಬೀರು ಸಾಕ್ಷಿಯಾಗಿ ನಿಂತಿತ್ತು.

ಹಾಗಿದ್ದರೆ ಕಟ್ಟಳೆ ಮುರಿಯದೆ ಇದ್ದವರನ್ನೂ ಅದು ಹೊರಗೆ ಕಳಿಸಿದ್ದೇಕೆ? ಜಾಶುವಾ ಹಾಕ್‌ಶೀಲ್ಡ್ ಎಂಬ ತತ್ವಶಾಸ್ತ್ರದ ಅಧ್ಯಾಪಕರು 2004ರಲ್ಲಿ ಕ್ಯಾಥೊಲಿಕ್ ಸಭೆ ಸೇರಿದರು. ಅಧ್ಯಾಪಕರು ಒಪ್ಪಬೇಕಾದ ವಿಶ್ವಾಸ ಪತ್ರವೊಂದಿದೆ. ಅದರ ಒಂದೊಂದು ಮಾತನ್ನೂ ಈಗಲೂ ಒಪ್ಪುತ್ತೇನೆ ಎಂದರು ಅವರು. ಕ್ಯಾಥೊಲಿಕರು ಬರುವ ಹಾಗಿಲ್ಲ ಎಂದು ಆ ಪತ್ರದಲ್ಲಿ ಎಲ್ಲೂ ಬರೆದಿರಲಿಲ್ಲ. ಆದರೆ ಅದರ ಭಾವಾರ್ಥ ಹಾಗೆ ಎಂದು ಅಂದಿನ ಅಧ್ಯಕ್ಷರು ತೀರ್ಮಾನಿಸಿದರು. ಹಾಕ್‌ಶೀಲ್ಡ್ ಅವರ ಕೆಲಸ ಹೋಯಿತು.

2015ರ ಡಿಸೆಂಬರಿನದು ಇನ್ನೂ ದೊಡ್ಡ ನೋವು. ಅಮೆರಿಕದಲ್ಲಿ ಮುಸ್ಲಿಮರ ಮೇಲೆ ಅನುಮಾನ, ಸಿಟ್ಟು ಏರಿದ್ದ ದಿನಗಳು. ಇಲ್ಲಿ ಕಾಯಂ ಹುದ್ದೆ ಪಡೆದ ಮೊದಲ ಕಪ್ಪು ಮಹಿಳೆ, ರಾಜ್ಯಶಾಸ್ತ್ರದ ಪ್ರಾಧ್ಯಾಪಕಿ ಲರಿಸಿಯಾ ಹಾಕಿನ್ಸ್, ಕ್ರಿಸ್ಮಸ್ಸಿಗೆ ಮುಂಚಿನ ವ್ರತದ ವಾರಗಳಲ್ಲಿ ಮುಸ್ಲಿಂ ಹೆಣ್ಣುಮಕ್ಕಳ ಜೊತೆ ನಿಲ್ಲಲೆಂದು ಹಿಜಾಬ್ ತೊಟ್ಟರು. ಅವರೂ ನಾವೂ ಆರಾಧಿಸುವುದು ಒಬ್ಬನೇ ದೇವರನ್ನು ಎಂದು ಬರೆದರು. ಕೆಲವೇ ದಿನಗಳಲ್ಲಿ ಕಾಲೇಜು ಅವರನ್ನು ರಜೆಯ ಮೇಲೆ ಕಳಿಸಿತು, ಜನವರಿಯಲ್ಲಿ ವಜಾ ಮಾಡುವ ಕ್ರಮ ಶುರುವಾಯಿತು. ಹಿಜಾಬಿಗೆ ಅಡ್ಡಿಯಿಲ್ಲ, ದೇವರ ವಿಷಯದ ಆ ವಾಕ್ಯಕ್ಕೆ ಎಂದು ಕಾಲೇಜು ಹೇಳಿತು. ವಿಶ್ವಾಸ ಪತ್ರಕ್ಕೆ ತಾನು ಬದ್ಧಳೆಂದು ಅವರು ಮತ್ತೆ ಮತ್ತೆ ಹೇಳಿದರು. ಸಹೋದ್ಯೋಗಿಗಳ ಮಂಡಳಿ ಕ್ರಮವನ್ನು ಕೈಬಿಡಬೇಕೆಂದು ಒಕ್ಕೊರಲಿನಿಂದ ಕೇಳಿತು. ದೂರು ದಾಖಲಿಸಿದ್ದ ಮುಖ್ಯಾಧಿಕಾರಿ ಅದನ್ನು ಹಿಂತೆಗೆದುಕೊಂಡು ಕ್ಷಮೆಯನ್ನೂ ಕೇಳಿದರು. ಆದರೂ 2016ರ ಫೆಬ್ರವರಿಯಲ್ಲಿ ಹಾಕಿನ್ಸ್ ಹೊರಟುಹೋದರು.

ಓಡಿಬಂದವರನ್ನು ಒಳಗೆ ಕರೆದ ಕಾಲೇಜು, ನೆರೆಯವರ ಪಕ್ಕ ನಿಂತವಳನ್ನು ಉಳಿಸಿಕೊಳ್ಳಲಾರದೆ ಹೋಯಿತು. ಇಷ್ಟು ಶ್ರದ್ಧೆಯ ಜಾಗದ ಬಗ್ಗೆ ಇದನ್ನು ಬರೆಯಲು ನನಗೆ ಸಂಕಟವಾಗುತ್ತದೆ. ಪತ್ರದಲ್ಲಿ ಬರೆದಿದ್ದ ಯಾವುದಕ್ಕೂ ಹಾಕ್‌ಶೀಲ್ಡ್ ಆಗಲಿ ಹಾಕಿನ್ಸ್ ಆಗಲಿ ತಪ್ಪಿರಲಿಲ್ಲ. ಬರೆಯದೆ ಬಿಟ್ಟಿದ್ದ, ಆದರೆ ಇರುತ್ತದೆಂದು ಎಲ್ಲರೂ ಎಣಿಸಿದ್ದ ಯಾವುದೋ ಗೆರೆಯನ್ನು ದಾಟಿದ್ದರು. ಆ ಗೆರೆ ಎಲ್ಲಿದೆ ಎಂದು ತಿಳಿಯುವುದು ದಾಟಿದ ಮೇಲೆಯೇ.

ಇದನ್ನು ಕೇಳಿ ಗೆಳತಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಂಗಂತ ಬರೆದದ್ದೆಲ್ಲಾ ಛಲೋ ಅಂತಲ್ಲ ಆಂಟಿ" ಎಂದಳು. ಗಂಡು ಹೆಣ್ಣಿನ ಮದುವೆಯ ಆ ಸಾಲನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದು ಅವಳು. 2011ರಲ್ಲಿ ಇಲ್ಲಿನ ಹಳೆಯ ವಿದ್ಯಾರ್ಥಿಗಳು ಒನ್‌ವೀಟನ್ ಎಂಬ ಗುಂಪು ಕಟ್ಟಿಕೊಂಡು, ಸಲಿಂಗ ಪ್ರೇಮಿಗಳಾದ ಕಿರಿಯರಿಗೆ ನೀವು ಒಂಟಿಯಲ್ಲ ಎಂದು ಬಹಿರಂಗವಾಗಿ ಹೇಳಿದ್ದರು. ಹದಿನೆಂಟರಲ್ಲಿ ಒಪ್ಪಿ ಬಂದವರು ಇಪ್ಪತ್ತರಲ್ಲಿ ತಾವು ಯಾರೆಂದು ಅರಿತರೆ ಕೊಟ್ಟ ಮಾತು ಏನಾಗಬೇಕು? ಅವಳ ಬಳಿ ಉತ್ತರವಿರಲಿಲ್ಲ, ನನ್ನ ಬಳಿಯೂ ಇರಲಿಲ್ಲ. ಈ ವಿಷಯದಲ್ಲಿ ಅವಳಿಗೂ ಕಾಲೇಜಿಗೂ ಒಪ್ಪಿಗೆಯಿಲ್ಲ. ಆದರೂ ಬಿಟ್ಟುಹೋಗುವುದಿಲ್ಲ ಎಂದಳು. ಬರೆದ ಸಾಲನ್ನು ಬೆರಳಿಟ್ಟು ತೋರಿಸಿ ಇದು ಯಾಕೆ ಎಂದು ಕೇಳಬಹುದು, ಅಧ್ಯಾಪಕರು ಕೂತು ಉತ್ತರ ಹೇಳಲೇಬೇಕಾಗುತ್ತದೆ ಎಂಬುದು ಅವಳ ವಾದ. ಸಿನಿಮಾಗೂ ಕುಣಿತಕ್ಕೂ ಹೀಗೆಯೇ ದಾರಿಯಾಯಿತು.

ಊಟಕ್ಕೆ ಮುಂಚೆ ಊರಿನ ಉತ್ತರಕ್ಕೆ ಕರೆದುಕೊಂಡು ಹೋಗು ಎಂದು ಅವಳನ್ನು ಕೇಳಿಕೊಂಡೆ. ಅಮೆರಿಕದ ಥಿಯಾಸಫಿಕಲ್ ಸೊಸೈಟಿಯ ಮುಖ್ಯ ಕಚೇರಿ ಇರುವುದು ಇದೇ ವೀಟನ್ನಿನಲ್ಲಿ. 1926ರಲ್ಲಿ ಇದಕ್ಕೆ ಅಡಿಗಲ್ಲಿಟ್ಟವರು ಆನಿ ಬೆಸೆಂಟ್. ಬಸವನಗುಡಿಯ ನ್ಯಾಷನಲ್ ಕಾಲೇಜಿಗೆ ಮೂಲವಾದ ಶಾಲೆ ಅವರ ಪ್ರಯತ್ನದಿಂದ 1917ರಲ್ಲಿ ಆರಂಭವಾದದ್ದು, ನಾನು ಓದಿದ್ದು ಆ ಕಾಲೇಜಿನಲ್ಲಿ. ಎಲ್ಲ ಧರ್ಮಗಳಲ್ಲೂ ಸತ್ಯವಿದೆ ಎನ್ನುವ ಈ ಸೊಸೈಟಿಯವರು ವೀಟನ್ ಕಾಲೇಜಿನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ನೂರು ವರ್ಷದಿಂದ ನೆರೆಯವರಾಗಿದ್ದಾರೆ. ಇವರ ಆವರಣದಲ್ಲಿಯೂ ಮಾಂಸ, ಮದ್ಯಗಳಿಲ್ಲ. ಗ್ರಂಥಾಲಯದ ಕಪಾಟಿನಲ್ಲಿ ಉಪನಿಷತ್ತುಗಳನ್ನು ನೋಡಿ ಗೆಳತಿ, ತಾನು ಇಷ್ಟು ಹತ್ತಿರವಿದ್ದೂ ಒಳಗೆ ಬಂದಿರಲಿಲ್ಲ ಎಂದಳು. ಬರಬಾರದೆಂದು ಯಾರೂ ಹೇಳಿರಲಿಲ್ಲವಂತೆ.

ಸಂಜೆ ಕ್ಯಾಂಪಸ್ಸಿಗೆ ಮರಳಿ ಗ್ರಂಥಾಲಯದ ಮುಂದೆ ನಿಂತಾಗ ಈ ದಿನದ ಅತಿ ಭಾರದ ಸಂಗತಿ ತಿಳಿಯಿತು. 2023ರವರೆಗೆ ಆ ಗ್ರಂಥಾಲಯಕ್ಕೆ 1926ರಿಂದ 1940ರವರೆಗೆ ಅಧ್ಯಕ್ಷರಾಗಿದ್ದ ಆಲಿವರ್ ಬಸ್‌ವೆಲ್ ಅವರ ಹೆಸರಿತ್ತು. ಕಾಲೇಜು ತನ್ನ ಇತಿಹಾಸದಲ್ಲಿ ಜನಾಂಗದ ವಿಷಯದಲ್ಲಿ ಹೇಗೆ ನಡೆದುಕೊಂಡಿದೆ ಎಂದು ಶೋಧಿಸಿ 2023ರಲ್ಲಿ ವರದಿ ಪ್ರಕಟಿಸಿತು. 1930ರ ದಶಕದಲ್ಲಿ ಕಪ್ಪು ವಿದ್ಯಾರ್ಥಿಗಳ ಅರ್ಜಿಗಳನ್ನು ಬಸ್‌ವೆಲ್ ತಡೆದದ್ದು ಪತ್ರಗಳ ಸಮೇತ ಅದರಲ್ಲಿ ಬಂತು. ಕಾಲೇಜು ಅವರ ಹೆಸರನ್ನು ತೆಗೆದುಹಾಕಿತು.

ಅದೇ ವರ್ಷಗಳಲ್ಲಿ ಈ ಕಾಲೇಜು ಒಬ್ಬ ವಿದ್ಯಾರ್ಥಿ ಸಿನಿಮಾ ನೋಡಿದನೇ, ಇಸ್ಪೀಟು ಮುಟ್ಟಿದನೇ ಎಂದು ಕಣ್ಣಿಟ್ಟು ಕಾಯುತ್ತಿತ್ತು. ಅದೆಲ್ಲ ಪ್ರತಿಜ್ಞಾಪತ್ರದಲ್ಲಿತ್ತು. ಕಪ್ಪು ಹುಡುಗಿ ಬರಬಾರದು ಎಂದು ಯಾವ ಪ್ರತಿಜ್ಞಾಪತ್ರದಲ್ಲೂ ಇರಲಿಲ್ಲ. ಸೆಲ್ಲರ್ಸ್‌ನನ್ನು ಪದವೀಧರನನ್ನಾಗಿ ಮಾಡಿದ ಕಾಲೇಜಿನಲ್ಲಿ ಇರುವುದು ಸಾಧ್ಯವೂ ಇರಲಿಲ್ಲ. ಬರೆದಿದ್ದರೆ ಯಾರಾದರೂ ಓದುತ್ತಿದ್ದರು, ಬ್ಲಾಂಚರ್ಡ್ ಹೆಸರು ಹೇಳಿ ಎದ್ದು ಕೇಳುತ್ತಿದ್ದರು. ಬರೆಯದ ಕಾರಣ ಅದಕ್ಕೆ ತಿದ್ದುಪಡಿ ಇಲ್ಲ, ರದ್ದಾದ ತಾರೀಖಿಲ್ಲ, ಜಿಮ್ನೇಷಿಯಮ್ಮಿನಲ್ಲಿ ವಾದ್ಯ ಬಾರಿಸಿ ಬೀಳ್ಕೊಟ್ಟ ಸಂಜೆಯಿಲ್ಲ. ಯುವಜನರ ಬದುಕಿನ ಬಗ್ಗೆ ಕಾಲೇಜೊಂದು ಬರೆದು ಹೇಳುವುದನ್ನು ಓದಿ ಬೆಳಿಗ್ಗೆ ಒಂದಿಷ್ಟು ಹೆದರಿದ್ದೆ. ಸಂಜೆಯ ಹೊತ್ತಿಗೆ ಆ ಹೆದರಿಕೆ ಜಾಗ ಬದಲಿಸಿತ್ತು. ಬರೆದ ಸಾಲಿನ ಜೊತೆ ಜಗಳವಾಡಬಹುದು. ಎಲ್ಲರಿಗೂ ಗೊತ್ತಿದ್ದು ಯಾರೂ ಬರೆಯದ ಸಾಲು ಯಾರ ಕೈಗೂ ಸಿಗುವುದಿಲ್ಲ, ಅದು ಕೆಲಸ ಮಾಡಿ ಮುಗಿಸಿರುತ್ತದೆ.

ಹಿಂದಿರುಗುವ ರೈಲಿನಲ್ಲಿ ತಂಗಿಯ ಮಗಳು ತನ್ನ ವಿಶ್ವವಿದ್ಯಾಲಯದ ಸ್ಟೂಡೆಂಟ್ ಕೋಡ್ ತೆಗೆದು ಓದಲು ಕೂತಳು. ಲೊಂಬಾರ್ಡ್ ದಾಟಿದ ಮೇಲೆ ತಲೆಯೆತ್ತಿ, "ನಿಮ್ಮ ಹಾಸ್ಟೆಲ್ಲಿನಲ್ಲಿ ಏನೇನು ಬರೆದಿತ್ತು ದೊಡ್ಡಮ್ಮ?" ಎಂದು ಕೇಳಿದಳು.

ಬೆಂಗಳೂರಿನಲ್ಲಿ ನಾನಿದ್ದ ಖಾಸಗಿ ಲೇಡೀಸ್ ಹಾಸ್ಟೆಲ್ಲಿನಲ್ಲಿ ಒಂದೇ ಹಾಳೆ ಗೋಡೆಗೆ ಅಂಟಿಸಿತ್ತು. ಗೇಟು ಹಾಕುವ ಹೊತ್ತು, ಮೆಸ್ ಬಿಲ್ ಕಟ್ಟುವ ತಾರೀಖು, ಬಿಸಿನೀರು ಸಿಗುವ ಸಮಯ. ಅಷ್ಟೇ ಎಂದೆ.

"ಅಷ್ಟೇನಾ? ಒಳ್ಳೇದಾಯ್ತಲ್ಲ. ಯಾರಿಗೆ ಯಾವ ರೂಮು, ರೂಮ್‌ಮೇಟ್ ಯಾರು ಅಂತೆಲ್ಲ ಯಾರು ಹೇಳ್ತಿದ್ರು?"

ಅರ್ಜಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಹೊಸ ಹುಡುಗಿ ಬಂದರೆ ವಾರ್ಡನ್ ಅಮ್ಮ ಎದುರಿಗೆ ಕೂರಿಸಿಕೊಂಡು ಮೊದಲು ಹೆಸರು ಕೇಳುತ್ತಿದ್ದರು. ಆಮೇಲೆ ಅಪ್ಪನ ಹೆಸರು. ಅದರಲ್ಲೂ ತಿಳಿಯದಿದ್ದರೆ ಊರು. ಊರಿನಲ್ಲಿ ಯಾವ ಕಡೆ ಮನೆ, ಯಾವ ಕೇರಿ, ಅಲ್ಲಿ ಇಂಥವರು ಗೊತ್ತೇ ಎಂದು ವಿಚಾರಿಸುತ್ತಿದ್ದರು. ದನಿಯಲ್ಲಿ ಅಕ್ಕರೆಯಿರುತ್ತಿತ್ತು. ಆಮೇಲೆ ಕೆಲವರಿಗೆ ಮೇಲಿನ ಅಂತಸ್ತಿನ ಕೋಣೆ ಸಿಗುತ್ತಿತ್ತು, ಕೆಲವರಿಗೆ ಅಡುಗೆಮನೆಯಿಂದ ದೂರದ ಕೊನೆಯ ಕೋಣೆ, ಇನ್ನು ಕೆಲವರಿಗೆ ಸದ್ಯಕ್ಕೆ ಜಾಗವಿಲ್ಲ ಎಂಬ ಉತ್ತರ. ಎಲ್ಮ್‌ಹರ್ಸ್ಟ್ ಬರುವವರೆಗೂ ಅವಳಿಗೆ ಅದನ್ನೇ ಹೇಳುತ್ತಿದ್ದೆ. ಅವಳಿಗೆ ಕೇರಿ ಎಂದರೇನೆಂದು ಗೊತ್ತಿರಲಿಲ್ಲ. ಅದನ್ನೂ ಬಿಡಿಸಿ ಹೇಳಿದೆ.